ಕುದುರೆಯ ಪಕ್ಕೆಯ ಮೇಲೊಂದು ಕೈ

ಚಾಚಾ ಅವರ ಬಲಗೈಯ ತೋರುಬೆರಳು ನಡುವೆ ಮುರಿದು ಹೊರಕ್ಕೆ ಬಾಗಿತ್ತು. ಎಳೆಯ ವಯಸ್ಸಿನಲ್ಲಿ ಕುದುರೆ ಕಚ್ಚಿತ್ತಂತೆ. ಕುದುರೆಯ ಪಕ್ಕೆಗೆ ಕೈಯಿಟ್ಟರೆ ಅಂಗೈಯೆಲ್ಲ ಅಂಟಿ ಕೂಡುತ್ತಿತ್ತು, ಆ ಬೆರಳೊಂದು ಮಾತ್ರ ದೂರ ನಿಲ್ಲುತ್ತಿತ್ತು.

ಬೀದರಿನಲ್ಲಿ ಟಾಂಗಾ ಹೊಡೆದವರು. ಟಾಂಗಾ ಕಾಲ ಮುಗಿದ ಮೇಲೆ ಮದುವೆ ಮೆರವಣಿಗೆಗೆ ಒಂದು ಬಿಳಿ ಹೆಣ್ಣುಕುದುರೆ ಸಾಕಿಕೊಂಡಿದ್ದರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಅದೇ ಓಣಿಯಲ್ಲಿ ಬಾಡಿಗೆ ಕೋಣೆ ಹಿಡಿದು ದಿನಾ ಬಸ್ಸಿನಲ್ಲಿ ಸಂತಪುರದ ಪಶು ಆಸ್ಪತ್ರೆಗೆ ಹೋಗಿಬರುತ್ತಿದ್ದ ಹೊಸ ಡಾಕ್ಟರು ನಾನು. ಎಮ್ಮೆಯ ಮುಂದೆ ಹುಲಿ, ಕುದುರೆಯ ಮುಂದೆ ಇಲಿ. ಉಂಡೆಯಾ ಎಂದು ಕೇಳುವವರು ಆ ಊರಿನಲ್ಲಿ ನನಗೂ ಇರಲಿಲ್ಲ.

ಕುದುರೆ ಗಬ್ಬ ಹೌದೋ ಅಲ್ಲವೋ ಎಂದು ಕೇಳಲು ಭಾಲ್ಕಿ, ಔರಾದ್ ಕಡೆಯಿಂದೆಲ್ಲ ಜನ ಚಾಚಾ ಹತ್ತಿರ ಬರುತ್ತಿದ್ದರು. ಚಾಚಾ ಹೊಟ್ಟೆ ನೋಡುತ್ತಿರಲಿಲ್ಲ. "ಹೊಟ್ಟಿ ಹುಲ್ಲು ತಿಂದ್ರೂ ಬರ್ತದ ಬೇಟಿ." ಗಂಡುಕುದುರೆ ಹತ್ತಿರ ಬಂದರೆ ಕಿವಿ ಹಿಂದಕ್ಕೆ ಹಾಕಿ ಒದೆಯುತ್ತದೆಯೇ ಎಂದು ಕೇಳುತ್ತಿದ್ದರು; ಒದ್ದರೆ ಗಬ್ಬ. ಏಳನೇ ತಿಂಗಳು ಹಿಡಿದಿದ್ದರೆ, ಬೆಳಗಿನ ಮೇವಿಗೆ ಮೊದಲು ಒಂದು ಬಕೀಟು ತಣ್ಣೀರು ಕುಡಿಸಿ ಪಕ್ಕೆಯ ಕೆಳಗೆ ಕೈಯಿಟ್ಟು ನಿಲ್ಲುತ್ತಿದ್ದರು. ತಂಪು ತಾಗಿದರೆ ಒಳಗಿನ ಮರಿ ಹೊರಳುತ್ತದೆ. ಕಲಿಯಲೆಂದು ಪಕ್ಕದಲ್ಲಿ ನಿಂತ ನಾನು ಎರಡೇ ನಿಮಿಷಕ್ಕೆ ಕೈ ತೆಗೆದರೆ ರೇಗುತ್ತಿದ್ದರು: "ಯಾಕ ಗಡಬಡ? ಮರಿ ನಿಮ್ಮ ಬಸ್ಸಿನ ಟೈಮಿಗೆ ಏಳ್ತದೇನ್ರಿ?"

ಆ ವರ್ಷ ತಮ್ಮ ಕುದುರೆಯನ್ನೇ ಕಮಲನಗರದ ಗಂಡುಕುದುರೆಗೆ ಕೂಡಿಸಿಕೊಂಡು ಬಂದರು. ಇದು ಮೂರನೇ ಸಲ, ಅದಕ್ಕೆ ವಯಸ್ಸಾಗಿದೆ, ಇನ್ನು ಒಯ್ಯುವುದಿಲ್ಲ ಎಂದಿದ್ದರು. "ಒಂದು ಮರಿ ಆದ್ರ ಮನ್ಯಾಗ ಸಪ್ಪಳ ಇರ್ತದ." ಎರಡು ತಿಂಗಳ ಮೇಲೆ ಧೈರ್ಯ ಮಾಡಿ ನಾನೇ ಪರೀಕ್ಷಿಸಿದೆ. ಗರ್ಭ ನಿಂತಿರಲಿಲ್ಲ. ಚಾಚಾ ಕುದುರೆಯ ಕೊರಳು ಹಿಡಿದು ನನ್ನ ಮುಖ ನೋಡುತ್ತಿದ್ದರು.

"ಗಬ್ಬ ಅದ ಚಾಚಾ," ಎಂದುಬಿಟ್ಟೆ.

ಡಾಕ್ಟರಾಗಿ ನಾನು ಹೇಳಿದ ಮೊದಲ ಸುಳ್ಳು ಅದು. ಅಂದಿನಿಂದ ಬಸ್ಸಿಗೆ ಮೊದಲು ದಿನಾ ಅವರ ಲಾಯಕ್ಕೆ ಹೋಗಿ ನೋಡುವುದಾಯಿತು. ಸಾಸರಿನಲ್ಲಿ ಚಹಾ ಹಾಕಿಕೊಡುತ್ತಿದ್ದರು, ರಾತ್ರಿ ಏನು ಉಂಡಿರಿ ಎಂದು ಕೇಳುತ್ತಿದ್ದರು. ಏಳನೇ ತಿಂಗಳಿಂದ ತಣ್ಣೀರು ಕುಡಿಸಿ ಇಬ್ಬರೂ ಪಕ್ಕೆಗೆ ಕೈಯಿಟ್ಟು ನಿಲ್ಲುತ್ತಿದ್ದೆವು. "ಹೊರಳ್ತಾ ಬೇಟಿ?" "ಸ್ವಲ್ಪ ಹೊರಳ್ತು ಚಾಚಾ." ಬಸ್ಸಿನಲ್ಲಿ ಕೂತ ಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

ಹನ್ನೊಂದು ತಿಂಗಳು ತುಂಬಿತು. ಕೆಚ್ಚಲು ಇಳಿಯಲಿಲ್ಲ. ಒಂದು ಬೆಳಗ್ಗೆ ತಡೆಯಲಾರದೆ ಅತ್ತುಬಿಟ್ಟೆ. "ಒಳಗ ಏನೂ ಇಲ್ಲ ಚಾಚಾ. ಅವತ್ತೂ ಇರ್ಲಿಲ್ಲ."

ಅವರು ಪಕ್ಕೆಯಿಂದ ಕೈ ತೆಗೆಯಲಿಲ್ಲ. "ಗೊತ್ತದ. ನೀವು ನೋಡೂಕಿಂತ ಮೊದ್ಲೇ ಗೊತ್ತಿತ್ತು."

"ಮತ್ತ ಯಾಕ ಹೇಳ್ಲಿಲ್ರಿ?"

"ಹೇಳಿದ್ರ ನೀವು ದಿನಾ ಬರ್ತಿದ್ರೇನು?"

ಮರುದಿನವೂ ಹೋದೆ. ಆ ಚಳಿಗಾಲದಲ್ಲಿ ಅವರು ತೀರಿಕೊಳ್ಳುವವರೆಗೂ ಹೋದೆ. ಕುದುರೆಯನ್ನು ಅವರ ತಂಗಿಯ ಮಗ ಹೊಡೆದುಕೊಂಡು ಹೋದ. ಖಾಲಿ ಲಾಯದ ಮುಂದೆ ಹಾದು ಬಸ್ಸಿಗೆ ಹೋಗುವುದು ಈಗಲೂ ಕಷ್ಟವೇ.

ಮೊನ್ನೆ ಚಿಂತಾಕಿಯಲ್ಲಿ ಒಂದು ಕುದುರೆಗೆ ತಣ್ಣೀರು ಕುಡಿಸಿ ಪಕ್ಕೆಗೆ ಕೈಯಿಟ್ಟೆ. ಬಹಳ ಹೊತ್ತು ನಿಂತೆ. ಅಂಗೈ ಕೆಳಗೆ ಮರಿ ನಿಜವಾಗಿ ಹೊರಳಿತು.

"ಹೊರಳ್ತು ಚಾಚಾ," ಎಂದೆ.

ಕುದುರೆಯವನು ಹಿಂದೆ ತಿರುಗಿ, ಯಾರು ಬಂದರೆಂದು ನೋಡಿದ.