ಅವನ ಸಂಬಳದಿಂದಲೇ ಬರಲಿ

ಲಾಡ್ಜ್ ಮಾಲೀಕ ನಮ್ಮ ದೊಡ್ಡಮ್ಮನಿಗೆ ನಾಮ ಹಾಕಿದ್ದು ನಲವತ್ತು ಸೋಫಾಗಳಲ್ಲಿ. ಹಳೇ ರೆಕ್ಸಿನ್ ಕಿತ್ತು, ಸ್ಪ್ರಿಂಗ್ ಬಿಗಿದು, ಹೊಸ ಸ್ಪಂಜು ತುಂಬಿ, ಅಂಚಿಗೆ ಮೊಳೆ ಹೊಡೆದು ಅವಳು ಮೂರು ತಿಂಗಳು ದುಡಿದಳು. ರೆಕ್ಸಿನ್, ಸ್ಪಂಜು ಎಲ್ಲ ಸಾಲದಲ್ಲಿ ತಂದದ್ದು. ಬಿಲ್ ಕೇಳಿದಾಗಲೆಲ್ಲ ಅವನು "ನಾಳೆ ಬಾಮ್ಮ" ಎಂದು ಹಲ್ಲು ಕಿರಿದ. ರೆಕ್ಸಿನ್ ಅಂಗಡಿಯವನ ಬಾಕಿ ತೀರಿಸಲು ದೊಡ್ಡಮ್ಮ ಹೊಲಿಗೆ ಯಂತ್ರ ಮಾರಿ, ಬಾಡಿಗೆಯ ಮಳಿಗೆ ಬಿಟ್ಟಳು. ಅಂದಿನಿಂದ ಅವಳೂ, ಅವಳ ತಂಗಿಯ ಮಗಳಾದ ನಾನೂ ಮನೆಯ ಹಜಾರದಲ್ಲೇ ಕೈಯಿಂದ ಹೊಲಿಯುತ್ತಿದ್ದೇವೆ. ರೆಕ್ಸಿನ್ನಿಗೆ ಒಂದು ದಿನ ಕೈಸೂಜಿ ಚುಚ್ಚಿ ನೋಡಿ, ನನ್ನ ಸಿಟ್ಟು ಅರ್ಥವಾಗುತ್ತದೆ.

ಕೋರ್ಟಿನಲ್ಲಿ ಗೆದ್ದೆವು. ಡಿಕ್ರಿ ಕೈಗೆ ಬಂದ ದಿನ ಬೀದಿಗೆಲ್ಲ ಚಹಾ ಕೊಡಿಸಿದೆವು. ವಕೀಲರು ಲೋಟ ಕೆಳಗಿಟ್ಟು ಹೇಳಿದರು: "ಅಮ್ಮಾ, ಕೋರ್ಟು ಕೊಡು ಅಂತ ಹೇಳುತ್ತೆ, ಅಷ್ಟೇ. ಅವನ ಹೆಸರಲ್ಲಿ ಏನಿದೆ ಅಂತ ನೀವೇ ಹುಡುಕಿ ತೋರಿಸ್ಬೇಕು. ಆಮೇಲೆ ಜಪ್ತಿ. ಹನ್ನೆರಡು ವರ್ಷದೊಳಗೆ ಏನೂ ಸಿಗ್ಲಿಲ್ಲ ಅಂದ್ರೆ ಇದು ಬರೀ ಕಾಗದ."

ಹುಡುಕಿದೆವು. ಲಾಡ್ಜು ಹೆಂಡತಿಯ ಹೆಸರಲ್ಲಿ, ಕಾರು ಹೆಂಡತಿಯ ಹೆಸರಲ್ಲಿ, ಬ್ಯಾಂಕಿನಲ್ಲಿ ಚಿಲ್ಲರೆ. ಅವನು ಕಟಕಟೆಯಲ್ಲಿ ನಿಂತು, "ಎಲ್ಲ ಅವಳ ಸ್ವಂತ ದುಡ್ಡಿಂದು, ನನ್ನದೇನೂ ಇಲ್ಲ ಸ್ವಾಮಿ" ಎಂದು ಪ್ರಮಾಣ ಮಾಡಿ, ಬರೆದುಕೊಟ್ಟು, ನಮ್ಮ ಕಡೆ ನೋಡಿ ನಕ್ಕ. ಜಪ್ತಿಗೆ ಹೋದ ಕೋರ್ಟಿನ ಅಮೀನ ಬರಿಗೈಯಲ್ಲಿ ಬಂದ. ದೊಡ್ಡಮ್ಮ ಅವನ ಪ್ರಮಾಣಪತ್ರದ ನಕಲು ತೆಗೆಸಿ ಟ್ರಂಕಿನಲ್ಲಿಟ್ಟಳು. ಆ ನಗುವನ್ನು ಮಾತ್ರ ಹನ್ನೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಳು.

ಡಿಕ್ರಿಗೆ ಇನ್ನು ಹತ್ತು ತಿಂಗಳು ಉಳಿದಿದ್ದಾಗ ಮಾಲೀಕನ ಹೆಂಡತಿಯೇ ನಮ್ಮ ಹಜಾರಕ್ಕೆ ಬಂದಳು. ಗಂಡ ಇನ್ನೊಂದು ಸಂಸಾರ ಮಾಡಿದ್ದು ಗೊತ್ತಾಗಿ ಅವನನ್ನು ಹೊರಗೆ ಹಾಕಿದ್ದಳು. ಈಗ ಅವನು, ಲಾಡ್ಜು ತನ್ನದು, ಹೆಸರು ಮಾತ್ರ ಅವಳದು ಎಂದು ದಾವೆ ಹೂಡಿದ್ದ.

"ನಿಮ್ಮ ಕೇಸಲ್ಲಿ ಬೇರೇನೇ ಹೇಳಿದ್ರಂತೆ. ಅದರ ನಕಲು ಇದ್ರೆ ಕೊಡಿ ಅಕ್ಕಾ."

ನಾನು ದೊಡ್ಡಮ್ಮನನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. "ಕೊಡ್ಬೇಡ! ಅವನೇ ಗೆಲ್ಲಲಿ. ಲಾಡ್ಜು ಅವನದಾದ್ರೆ ನಾವು ಜಪ್ತಿ ಮಾಡಿಸ್ಬಹುದು."

"ಆ ಮುಖ ಇನ್ನೊಂದ್ಸಲ ಗೆದ್ದು ನಗೋದು ನಾನು ನೋಡ್ಬೇಕಾ?" ಎಂದವಳು ಟ್ರಂಕು ತೆಗೆದೇಬಿಟ್ಟಳು.

ಎರಡು ವಾರ ನಾನು ಅವಳೊಡನೆ ಮಾತು ಬಿಟ್ಟೆ. ಆದರೆ ಆರು ತಿಂಗಳಲ್ಲಿ ಅವನ ದಾವೆ ಬಿದ್ದುಹೋಯಿತು. ಅವನ ಸಹಿಯೇ ಅವನನ್ನು ಬೀದಿಗೆ ತಂದಿತು. ನನ್ನ ಹೊಟ್ಟೆ ತಣ್ಣಗಾಯಿತು, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಊಟಕ್ಕೆ ಗತಿಯಿಲ್ಲದೆ ಅವನು ಬಸ್ ನಿಲ್ದಾಣದ ಎದುರಿನ ಇನ್ನೊಂದು ಲಾಡ್ಜಿನಲ್ಲಿ ಗುಮಾಸ್ತನಾಗಿ ಸೇರಿದ. ಕೋಣೆಯ ಕೀಲಿ ಕೊಡುವುದು, ರಿಜಿಸ್ಟರಿನಲ್ಲಿ ಹೆಸರು ಬರೆಯುವುದು, ತಿಂಗಳ ಸಂಬಳ. ದೊಡ್ಡಮ್ಮ ಇದನ್ನು ಕೇಳಿದವಳೇ ಚಪ್ಪಲಿ ಮೆಟ್ಟಿ ವಕೀಲರ ಬಳಿಗೆ ಓಡಿದಳು. ಗಡುವಿಗೆ ಹತ್ತೊಂಬತ್ತು ದಿನ ಇರುವಾಗ ಅರ್ಜಿ ಬಿತ್ತು. ಪ್ರತಿ ತಿಂಗಳೂ ಸಂಬಳದ ಮೂರನೇ ಒಂದು ಪಾಲು ಹಿಡಿದು ಕೋರ್ಟಿಗೆ ಕಟ್ಟಬೇಕೆಂದು ಅವನ ಧಣಿಗೆ ಆದೇಶ ಹೋಯಿತು.

ಮೊದಲ ಕಂತು ಬಂದ ವಾರ, ಲಾಡ್ಜು ಉಳಿಸಿಕೊಂಡಿದ್ದ ಅವನ ಹೆಂಡತಿ ಮತ್ತೆ ಬಂದಳು. ಮಡಿಲಲ್ಲಿ ದಪ್ಪ ಲಕೋಟೆ.

"ಬಡ್ಡಿ ಸಮೇತ ಎಲ್ಲಾ ಇದೆ ಅಕ್ಕಾ. ನಿಮ್ಮ ಉಪಕಾರ ಇಟ್ಕೊಂಡು ನಂಗೆ ನಿದ್ದೆ ಬರಲ್ಲ. ಯಂತ್ರ ತಗೊಳ್ಳಿ, ಮಳಿಗೆ ಹಿಡೀರಿ."

ನನ್ನ ಕೈ ತಾನಾಗಿ ಮುಂದೆ ಹೋಯಿತು. ದೊಡ್ಡಮ್ಮ ಫಟ್ಟನೆ ಅದರ ಮೇಲೆ ಹೊಡೆದಳು.

"ನೀನು ನನ್ನ ಸೋಫಾ ಮೇಲೆ ಕೂತಿದ್ದೀಯ ಅಷ್ಟೇ, ಸಾಲ ಮಾಡಿದ್ದು ಅವನು. ಇದನ್ನ ತಗೊಂಡ್ರೆ ಅವನು ಬಚಾವ್. ಬೇಡಮ್ಮ. ತಿಂಗಳು ತಿಂಗಳು ಅವನ ಕೈಯಿಂದಲೇ ಬರ್ಲಿ."

ಅವಳು ಹೋದ ಮೇಲೆ ನಾನು ಕುದಿಯುತ್ತಾ ಲೆಕ್ಕ ಹಾಕಿದೆ. "ದೊಡ್ಡಮ್ಮಾ, ಹೀಗೆ ತೀರೋಕೆ ಇಪ್ಪತ್ತೆರಡು ವರ್ಷ ಬೇಕು. ನಿಂಗೀಗ್ಲೇ ಅರವತ್ತಮೂರು!"

"ಅವನಿಗೆಷ್ಟು?"

"ಐವತ್ತೆಂಟು."

ದೊಡ್ಡಮ್ಮ ಸೂಜಿ ಕೆಳಗಿಟ್ಟು ಬೆರಳು ಮಡಚಿ ಎಣಿಸಿದಳು. ಡಾಕ್ಟರು ಎಷ್ಟು ಬೈದರೂ ಮುಟ್ಟದಿದ್ದ ಬಿಪಿ ಮಾತ್ರೆಯನ್ನು ಅಂದಿನಿಂದ ಅವಳು ಒಂದು ದಿನವೂ ತಪ್ಪಿಸಿಲ್ಲ.