ಶನಿವಾರದ ನಾಗಸ್ವರ

ನವುಲೆಯ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ, ಹತ್ತಿರದ ಕಾಲೇಜಿನ ಹುಡುಗಿಯರು ತರುವ ಚೂಡಿದಾರದ ತೋಳು ಬಿಚ್ಚಿ ಮತ್ತೆ ಕೂರಿಸುತ್ತೇನೆ. ಬೆಳಗಿನಿಂದ ಸಂಜೆಯವರೆಗೆ ಸಂಗೀತ ಕೇಳುತ್ತಲೇ ಇರುತ್ತೇನೆ. ಹೊಲಿಗೆ ನನ್ನ ಕೆಲಸ, ಕೇಳುವುದು ನನ್ನ ಜೀವನ ಎಂದು ನಾನೇ ಒಳಗೊಳಗೆ ಅಂದುಕೊಂಡಿದ್ದೇನೆ.

ಕೇಳುವುದಕ್ಕೂ ನನ್ನದೇ ಒಂದು ಕ್ರಮವಿದೆ. ಬಟ್ಟೆ ಕತ್ತರಿಸುವಾಗ ಏನನ್ನೂ ಹಾಕುವುದಿಲ್ಲ, ಕತ್ತರಿ ತಪ್ಪಿದರೆ ಗಿರಾಕಿಯ ರೇಷ್ಮೆ ಹೋಯಿತು. ಮಿಷನ್ ಓಡುವಾಗ ದ್ರುತ್ ಲಯದ, ಅಂದರೆ ವೇಗವಾಗಿ ಹಾಡುವ ಬಂದಿಶ್‌ಗಳು. ಯಾಕೆಂದರೆ ಮೋಟಾರಿನ ಸದ್ದಿನಲ್ಲಿ ಕೆಳಗಿನ ಸ್ವರಗಳು ಮುಳುಗಿಹೋಗುತ್ತವೆ. ಕೈಯಲ್ಲಿ ಹುಕ್ಸ್ ಹಚ್ಚುವ, ಕಾಜಾ ಹೊಲಿಯುವ ಹೊತ್ತು ಮಾತ್ರ ಆಲಾಪಕ್ಕೆ ಮೀಸಲು. ಅದು ಮಧ್ಯಾಹ್ನ, ಬೀದಿಯಲ್ಲಿ ಜನ ಕಡಿಮೆ. ಫೋನನ್ನು ನೂಲಿನ ಡಬ್ಬಿಗೆ ಒರಗಿಸಿ, ಸಣ್ಣ ಸ್ಪೀಕರಿಗೆ ಜೋಡಿಸಿ, ಯಾರೋ ಪುಣ್ಯಾತ್ಮರು ಹಳೆಯ ರೇಡಿಯೋದಿಂದ ಹಿಡಿದಿಟ್ಟ ಧ್ವನಿಮುದ್ರಣಗಳನ್ನು ಹುಡುಕುತ್ತೇನೆ. ಯಾರೂ ಕೇಳದ, ಹೆಚ್ಚು ಹೆಸರಾಗದ ಒಬ್ಬ ಗಾಯಕಿ ಸಿಕ್ಕಿದರೆ ಆ ವಾರವೆಲ್ಲ ನನಗೆ ಹಬ್ಬ. ಅವರ ಯಮನ್, ಅವರ ಮುಲ್ತಾನಿ, ಅವರು ಉಸಿರೆಳೆದುಕೊಳ್ಳುವ ಜಾಗ, ಎಲ್ಲವೂ ನನ್ನ ಸ್ವಂತದ್ದಾಗಿಬಿಡುತ್ತವೆ.

ಹೇಳಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ. ನನ್ನ ಗಂಡ ಮಾಚೇನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ವಿಭಾಗ ನೋಡಿಕೊಳ್ಳುತ್ತಾರೆ. ಸಂಜೆ ಬೈಕು ನಿಲ್ಲಿಸಿ ಒಳಗೆ ಬರುತ್ತಲೇ ಅವರ ಬಾಯಿಂದ ಬರುತ್ತಿದ್ದ ಮೊದಲ ಮಾತು, "ಸ್ವಲ್ಪ ಕಮ್ಮಿ ಮಾಡು ಮಾರಾಯ್ತಿ, ತಲೆ ಸಿಡೀತಿದೆ." ಅದೇ ಮನುಷ್ಯ ಆಮೇಲೆ ಟಿ.ವಿ.ಯಲ್ಲಿ ವಾರ್ತೆಯನ್ನು ಪಕ್ಕದ ಬೀದಿಗೂ ಕೇಳುವ ಹಾಗೆ ಹಾಕಿಕೊಂಡು ಕೂರುತ್ತಿದ್ದರು. ಮೊದಮೊದಲು ಜಗಳವಾಡಿದೆ. ಆಮೇಲೆ ಇಯರ್‌ಫೋನ್ ತಂದುಕೊಂಡು ಕಿವಿಗೆ ಸಿಕ್ಕಿಸಿಕೊಂಡೆ. ಸಂಗೀತದ ವಿಷಯಕ್ಕೆ ಇವರು ಕಲ್ಲು, ಇವರಿಗೆ ಅದರ ಗಂಧ ಇಲ್ಲ ಎಂದು ನನ್ನ ಮಟ್ಟಿಗೆ ಆ ಅಧ್ಯಾಯ ಮುಗಿದಿತ್ತು. ಎಷ್ಟೋ ಹೆಂಗಸರ ಗಂಡಂದಿರು ಇದಕ್ಕಿಂತ ದೊಡ್ಡ ವಿಷಯಗಳಲ್ಲಿ ಕಲ್ಲಾಗಿರುತ್ತಾರೆ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಕಳೆದ ವರ್ಷ ಇವರಿಗೆ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿಯೊಬ್ಬರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಭದ್ರಾವತಿಯ ಹಳೇ ಕಾರ್ಖಾನೆ ಬಡಾವಣೆಯಲ್ಲಿ ಅವರ ಮನೆ. ಮನೆಮಾತು ತಮಿಳು, ನಿವೃತ್ತರಾಗಿ ಬಹಳ ಕಾಲವಾಗಿದೆ. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಇವರು ಹಾಗೇ ಭದ್ರಾವತಿಗೆ ಹೋಗಿ ಮೇಸ್ತ್ರಿಗೆ ಬೇಕಾದ ಔಷಧಿ ಕೊಟ್ಟು ಬರುತ್ತಿದ್ದರು. ಒಳ್ಳೆಯ ಕೆಲಸವೇ, ನಾನು ಅಡ್ಡಿ ಮಾಡಲಿಲ್ಲ. ಒಂದೆರಡು ಸಲ ಚಕ್ಕುಲಿ ಕಟ್ಟಿಕೊಟ್ಟೆ. ಮೇಸ್ತ್ರಿಯ ಕಣ್ಣು ಸರಿಹೋಯಿತು, ಔಷಧಿ ನಿಂತಿತು. ಇವರು ಹೋಗುವುದು ಮಾತ್ರ ನಿಲ್ಲಲಿಲ್ಲ.

ಒಂದು ಶನಿವಾರ ಸಂಜೆ ಇವರು ಅಡುಗೆಮನೆಯಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದರು. ನಾನು ಕಾವಲಿಯ ಮುಂದೆ ನಿಂತಿದ್ದೆ. ಬೆನ್ನ ಹಿಂದೆ ಯಾರೋ ಗುನುಗಿದ ಹಾಗಾಯಿತು. ನಿಷಾದದಿಂದ ಎದ್ದು, ಷಡ್ಜವನ್ನು ಮುಟ್ಟದೆ ದಾಟಿ, ರಿಷಭ, ಗಾಂಧಾರ, ಆಮೇಲೆ ಆ ತೀವ್ರ ಮಧ್ಯಮ. ಧ್ವನಿ ಒರಟು, ಶ್ರುತಿ ಅಲ್ಲಲ್ಲಿ ಜಾರುತ್ತಿತ್ತು. ಆದರೆ ದಾರಿ ಸರಿಯಾಗಿತ್ತು. ಕಾವಲಿಯ ಮೇಲಿದ್ದ ರೊಟ್ಟಿ ಸೀದುಹೋಯಿತು.

"ಏನ್ರೀ ಅದು?"

"ಯಾವ್ದು?"

"ಈಗ ಗುನುಗಿದ್ರಲ್ಲ, ಅದು."

"ಓ, ಅದಾ! ಮೇಸ್ತ್ರಿ ಮನೇಲಿ ನಾಗಸ್ವರ ಹಾಕ್ತಾರೆ. ಏನ್ ಚೆನ್ನಾಗಿರುತ್ತೆ ಗೊತ್ತಾ? ನೀನೂ ಒಂದ್ಸಲ ಕೇಳ್ಬೇಕು ಮಾರಾಯ್ತಿ."

ನೀನೂ ಒಂದ್ಸಲ ಕೇಳ್ಬೇಕು! ಇಷ್ಟು ವರ್ಷ ಇದೇ ಮನೆಯಲ್ಲಿ ಬೆಳಗ್ಗೆ ಸಂಜೆ ಕೇಳುತ್ತಾ ಬಂದ ನನಗೆ, ಇಷ್ಟು ವರ್ಷ ಕಮ್ಮಿ ಮಾಡು ಎಂದ ಮನುಷ್ಯ ಹೇಳಿದ ಮಾತು ಇದು. ಇನ್ನೊಂದು ರೊಟ್ಟಿಯನ್ನು ಅವರ ತಟ್ಟೆಗೆ ಎತ್ತಿ ಹಾಕಿದೆ, ಸ್ವಲ್ಪ ಜೋರಾಗಿಯೇ.

ಅವರು ಬೇರೆ ಹೆಂಗಸಿನ ಜೊತೆ ಸಿನಿಮಾಕ್ಕೆ ಹೋಗಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲವೇನೋ. ಆಗ ಬೈಯಬಹುದಿತ್ತು, ತಂಗಿಗೆ ಫೋನ್ ಮಾಡಿ ಅಳಬಹುದಿತ್ತು. ಇದನ್ನು ಯಾರಿಗೆ ಹೇಳುವುದು? ನನ್ನ ಗಂಡ ಒಬ್ಬ ಮುದುಕರ ಮನೆಗೆ ಹೋಗಿ ಸಂಗೀತ ಕೇಳಿ ಬರುತ್ತಾರೆ ಎಂದರೆ ನಗುತ್ತಾರೆ.

ಮರುದಿನ ಸಂಜೆ ಬೇಕೆಂದೇ ಸ್ಪೀಕರಿನಲ್ಲಿ, ಹಾಗೆ ಹುಡುಕಿ ನನ್ನವರಾಗಿಸಿಕೊಂಡಿದ್ದ ಗಾಯಕಿಯೊಬ್ಬರ ಯಮನ್ ಹಾಕಿದೆ. ಅದೇ ರಾಗ. ದಕ್ಷಿಣದವರು ಕಲ್ಯಾಣಿ ಎನ್ನುತ್ತಾರೆ, ಚಲನೆ ಬೇರೆ, ಸ್ವರಗಳು ಅವೇ. ಇವರು ಪೇಪರ್ ಓದುತ್ತಾ ಕೂತಿದ್ದರು. ಸ್ವಲ್ಪ ಹೊತ್ತು ಕಾದೆ. ಮುಖ ಕಿವುಚಿ ತಲೆಯೆತ್ತಿದರು.

"ಅದನ್ನ ಸ್ವಲ್ಪ..."

"ನೀವು ನಿನ್ನೆ ಗುನುಗಿದ್ದು ಇದೇ ರೀ! ಇದೇ ರಾಗ!"

"ಇದಾ?" ಎಂದರು. ಸ್ಪೀಕರನ್ನು ದಿಟ್ಟಿಸಿ ನೋಡಿದರು. "ಇಲ್ಲ ಬಿಡು, ಅದು ಬೇರೆ."

ನನ್ನ ಗಾಯಕಿಯ ಮುಂದೆ, ನನ್ನ ಮುಂದೆ, ಅದು ಬೇರೆ ಎಂದರು. ಆ ಕ್ಷಣ ನನಗೆ ಮೇಸ್ತ್ರಿಯ ಮೇಲೆ ಎಂಥ ದ್ವೇಷ ಬಂತೆಂದರೆ, ನಾನು ಮುಖವನ್ನೇ ನೋಡಿರದ ಆ ವೃದ್ಧರಿಗೆ ಕಟ್ಟಿಕೊಟ್ಟ ಚಕ್ಕುಲಿಯೂ ನೆನಪಾಗಿ ಸಂಕಟವಾಯಿತು.

ಆಮೇಲೆ ಶನಿವಾರಗಳನ್ನು ಕೆಡಿಸಲು ಕೂತೆ. ಒಂದು ಶನಿವಾರ ಗಾಂಧಿ ಬಜಾರಿಗೆ ಹೋಗಿ ಲೈನಿಂಗ್ ಬಟ್ಟೆ ತರಲೇಬೇಕು ಎಂದೆ. ಇನ್ನೊಂದು ಶನಿವಾರ ದಾವಣಗೆರೆಯಿಂದ ತಂಗಿಯ ಸಂಸಾರವನ್ನು ಕರೆಸಿ, ಎಲ್ಲರೂ ತ್ಯಾವರೆಕೊಪ್ಪದ ಸಫಾರಿಗೆ ಹೋಗೋಣ ಎಂದು ಹೊರಡಿಸಿದೆ. ಜಾಲರಿ ಕಟ್ಟಿದ ವ್ಯಾನಿನ ಪಕ್ಕದಲ್ಲೇ ಸಿಂಹವೊಂದು ಬಂದು ಬಾಯಿ ಇಷ್ಟಗಲ ತೆರೆದು ಆಕಳಿಸಿತು. ತಂಗಿ ಕಿರುಚಿದಳು, ಅವಳ ಗಂಡ ಫೋಟೋ ತೆಗೆದ. ನನ್ನವರು ಕೈಗಡಿಯಾರ ನೋಡುತ್ತಿದ್ದರು. ಮೇಸ್ತ್ರಿ ಈಗ ನಾಗಸ್ವರ ಹಾಕುವ ಹೊತ್ತು ಎಂದು ನನಗೂ ಗೊತ್ತಿತ್ತು. ಗೆದ್ದೆ ಎನಿಸಬೇಕಿತ್ತು. ಅವರ ಆ ಮುಖ ನೋಡಿ ಇನ್ನಷ್ಟು ಉರಿಯಿತು. ನನ್ನ ಜೊತೆ ಕೂತು ಒಂದು ಹಾಡು ಕೇಳಲು ಅವರು ಎಂದಾದರೂ ಹೀಗೆ ಹಂಬಲಿಸಿದ್ದರೇ?

ಮುಂದಿನ ಶನಿವಾರ ಅವರು ವರ್ಕ್‌ಶಾಪಿಗೆ ರಜೆ ಹಾಕಿದ್ದರು. ಮಧ್ಯಾಹ್ನ ಊಟ ಮುಗಿಸಿ ಬೈಕಿನ ಕೀ ಹುಡುಕುತ್ತಿದ್ದಾಗ ನಾನು ಸೀರೆ ಬದಲಾಯಿಸಿಕೊಂಡು ಬಾಗಿಲಲ್ಲಿ ನಿಂತೆ.

"ಎಲ್ಲಿಗೆ ಹೊರಟೆ?"

"ಭದ್ರಾವತಿಗೆ. ನೀವೇ ಹೇಳಿದ್ರಲ್ಲ, ಒಂದ್ಸಲ ಕೇಳ್ಬೇಕು ಅಂತ."

ಅವರ ಮುಖದಲ್ಲಿ ಸಂತೋಷ ಕಾಣಲಿಲ್ಲ. ಅಳುಕು ಕಂಡಿತು. ಅದನ್ನು ನಾನು ಗುರುತು ಹಾಕಿಕೊಂಡೆ.

ಮೇಸ್ತ್ರಿಯ ಬೀದಿಯ ತಿರುವಿನಲ್ಲೇ ನಾಗಸ್ವರ ಕೇಳಿಸಿತು. ಮದುವೆ ಮನೆಯೇ ಇರಬೇಕು ಅಂದುಕೊಂಡೆ. ಅಲ್ಲ, ಅದು ಮೇಸ್ತ್ರಿಯ ಮನೆ. ಬಾಗಿಲಲ್ಲಿ ಅವರ ಹೆಂಡತಿ ಪರ್ಸ್ ಹಿಡಿದು ಹೊರಡಲು ನಿಂತಿದ್ದರು. ಎರಡೂ ಕಿವಿಗೆ ಹತ್ತಿ.

"ಬಾಮ್ಮ, ಬಾ. ನಾನು ಅಕ್ಕನ ಮನೆಗೆ ಹೋಗ್ತೀನಿ. ಇಲ್ಲಿದ್ರೆ ತಲೆ ಒಡೆದು ಹೋಗುತ್ತೆ," ಎಂದು ನನ್ನ ಕಿವಿಯ ಹತ್ತಿರ ಕೂಗಿ, "ನಿಮ್ಮನೆಯವರು ಬರೋಕೆ ಶುರು ಮಾಡಿದ್ಮೇಲೆ ನಂಗೂ ಶನಿವಾರ ರಜೆ," ಎಂದು ನಕ್ಕು ಮೆಟ್ಟಿಲಿಳಿದರು.

ಒಳಗೆ ಆಳೆತ್ತರದ ಎರಡು ಮರದ ಸ್ಪೀಕರುಗಳು. ಅವುಗಳ ಮುಂದೆ ಎರಡು ಕುರ್ಚಿ, ಎರಡೇ. ಒಂದರಲ್ಲಿ ಮೇಸ್ತ್ರಿ. ತೆಳ್ಳಗೆ, ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ. ಇನ್ನೊಂದು ನನ್ನ ಗಂಡನದು. ಅದರ ಸೀಟಿನ ಮೇಲೆ ಒಂದು ಹಳೆಯ ದಿಂಬು, ಇವರ ಸೊಂಟನೋವಿಗೆಂದೇ ಇಟ್ಟದ್ದು. ಮೇಸ್ತ್ರಿ ನನಗಾಗಿ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು ಹಿಂದೆ ಹಾಕಿದರು.

"ಇದು ಕಲ್ಯಾಣಿ ಅಲ್ವಾ?" ಎಂದು ಕೇಳಿದೆ. ನನಗೂ ಗೊತ್ತಿದೆ ಎಂದು ತಿಳಿಯಲಿ ಎಂಬ ಆಸೆ.

"ಆಂ?"

"ಕಲ್ಯಾಣಿ!"

"ಹೆಸರೆಲ್ಲ ಯಾರಿಗೆ ಗೊತ್ತಮ್ಮ? ಕೇಳು, ಕೇಳು," ಎಂದು ಕೈ ಬೀಸಿ ಕೂತರು.

ನಾಗಸ್ವರ ಎಂದರೆ ನನಗೆ ಧಾರೆಯ ಗದ್ದಲ, ಗಟ್ಟಿಮೇಳದ ಹೊತ್ತಿಗೆ ಅಕ್ಷತೆ ಹಾಕುವ ಅವಸರ, ಅಷ್ಟೆ. ಅದನ್ನು ಯಾವತ್ತೂ ಕೂತು ಕೇಳಿದವಳಲ್ಲ. ಇಲ್ಲಿ ತವಿಲು, ಆ ಡೋಲಿನ ಬಡಿತ, ನಿಂತಿತ್ತು. ನಾಗಸ್ವರವೊಂದೇ ಪಂಚಮದ ಮೇಲೆ ನಿಂತು, ಅಲ್ಲಿಂದ ಮೇಲಕ್ಕೆ ಹತ್ತಿತು. ಸ್ವರ ಕಿವಿಗೆ ಬರಲಿಲ್ಲ, ಎದೆಗೂಡಿಗೆ ನೇರ ಬಂತು. ಕಿಟಕಿಯ ಗಾಜು ನಡುಗಿತು. ನಾನು ನಲವತ್ತು ಸಲ ಕೇಳಿ ಪಳಗಿಸಿಕೊಂಡಿದ್ದ ರಾಗ, ಬೀದಿಗೆ ಬಿಟ್ಟ ಗೂಳಿಯ ಹಾಗೆ ನುಗ್ಗಿತು. ನನಗೆ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟೂ ಬಂತು. ಇದನ್ನು ಹುಡುಕಬೇಕಾದವಳು ನಾನು. ಇವರು ಹೇಗೆ ನನಗಿಂತ ಮೊದಲು ಇಲ್ಲಿಗೆ ಬಂದು ತಲುಪಿದರು?

ಪಕ್ಕಕ್ಕೆ ಬಾಗಿ ಇವರ ಮುಖ ನೋಡಿದೆ. ಕಣ್ಣು ಮುಚ್ಚಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಮದುವೆಯಾದಾಗಿನಿಂದ ಆ ಮುಖದ ಎಲ್ಲ ಬಗೆಯನ್ನೂ ನೋಡಿದ್ದೇನೆ ಎಂದುಕೊಂಡಿದ್ದೆ. ಇದನ್ನು ನೋಡಿರಲಿಲ್ಲ. ಮೇಸ್ತ್ರಿ ವಾರವಾರವೂ ನೋಡುತ್ತಿದ್ದರು.

ಮುಗಿದ ಮೇಲೆ ಮನೆಯಲ್ಲಿ ಒಂಥರಾ ಗುಂಯ್ ಎನ್ನುವ ಮೌನ. "ಇಷ್ಟು ಜೋರಾಗಿ ಯಾಕೆ ಹಾಕ್ತೀರಿ?" ಎಂದು ಕೂಗಿ ಕೇಳಿದೆ.

"ಕಾದು ಪೋಚ್ಚಮ್ಮ, ಕಿವಿ ಹೋಯ್ತು. ಲೇತ್, ಗ್ರೈಂಡರ್, ಜೀವನ ಪೂರ್ತಿ ಅದೇ ಸೌಂಡು. ನಂದು ಪೂರ್ತಿ ಹೋಯ್ತು. ನಿನ್ನ ಯಜಮಾನಂದು ಅರ್ಧ ಹೋಯ್ತು," ಎಂದು ಮೇಸ್ತ್ರಿ ನಕ್ಕರು. ನನ್ನ ಮುಖ ನೋಡಿ ಅವರ ನಗು ನಿಂತಿತು. ನನ್ನ ಗಂಡನ ಕಡೆ ತಿರುಗಿ, "ಹೇಳಿಲ್ವಾ?" ಎಂದರು.

ಇವರು ದಿಂಬನ್ನು ಸರಿಮಾಡುತ್ತಾ ತಲೆ ತಗ್ಗಿಸಿದ್ದರು.

ವಾಪಸು ಬರುವಾಗ ಮಾಚೇನಹಳ್ಳಿಯ ಹತ್ತಿರ ಅವರೇ ಬೈಕನ್ನು ರಸ್ತೆ ಬದಿಗೆ ನಿಲ್ಲಿಸಿದರು.

"ಯಾವಾಗಿಂದ?" ಎಂದೆ.

"ಸರಿಯಾಗಿ ಗೊತ್ತಿಲ್ಲ ಕಣೆ. ಕೆಲವು ವರ್ಷದ ಹಿಂದೆ ವರ್ಕ್‌ಶಾಪಿಗೆ ಡಾಕ್ಟ್ರು ಬಂದು ಎಲ್ರ ಕಿವೀನೂ ನೋಡಿದ್ರು. ಸಣ್ಣ ಸೌಂಡು ಕೇಳ್ಸಲ್ಲ ಅಂದ್ರು. ನೀನು ಹಾಕ್ತೀಯಲ್ಲ, ಅದು ನಂಗೆ ಬರೀ ಕಿರ್ ಅನ್ನುತ್ತೆ. ತಗಡು ಕೆರೆದ ಹಾಗೆ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟು ಆಸೆಯಿಂದ ಕೇಳ್ತಿರ್ತೀಯ. ನಿಂಗೆ ಏನಂತ ಹೇಳ್ಲಿ? ನಿನ್ನ ಹಾಡು ನಂಗೆ ತಗಡು ಅಂತಲಾ?"

"ಮೇಸ್ತ್ರಿಗೆ ಹೇಳಿದ್ರಿ."

"ಅವ್ರಿಗೂ ಕೇಳ್ಸಲ್ವಲ್ಲ," ಎಂದರು.

ಅಯ್ಯೋ ಪಾಪ ಎನಿಸಿತು, ನಿಜ. ಆದರೆ ಅದರ ಕೆಳಗೆ ಇನ್ನೊಂದು ಉರಿ ಹಾಗೇ ಇತ್ತು, ಹೆಚ್ಚಾಗಿಯೇ ಇತ್ತು. ಮೇಸ್ತ್ರಿಯ ಜೊತೆ ಸಂಗೀತವನ್ನಷ್ಟೇ ಹಂಚಿಕೊಂಡಿದ್ದಾರೆ ಎಂದುಕೊಂಡಿದ್ದೆ. ತಮ್ಮ ಕಿವಿಯ ಕಷ್ಟವನ್ನೂ ಅಲ್ಲೇ ಹೇಳಿಕೊಂಡಿದ್ದರು. ಒಂದೇ ಮನೆಯಲ್ಲಿದ್ದ ನನಗೆ ಅವರು ಬರೀ ತಲೆನೋವನ್ನು ಕೊಟ್ಟಿದ್ದರು.

ಮರುವಾರವೇ ಶಿವಮೊಗ್ಗದಲ್ಲಿ ಕಿವಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಕಿವಿಗೆ ಹಾಕುವ ಸಣ್ಣ ಮಿಷನ್ ಬಂತು. ಮೊದಲ ಸಂಜೆ ಅವರನ್ನು ನನ್ನ ಮುಂದೆ ಕೂರಿಸಿ, ನನ್ನ ಗಾಯಕಿಯ ಯಮನ್ ಹಾಕಿದೆ. ಮಗಳನ್ನು ವರನ ಕಡೆಯವರಿಗೆ ತೋರಿಸುವ ತಾಯಿಯ ಹಾಗೆ ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಕದಲದೆ ಕೇಳಿದರು. ತಂಬೂರಿ ಕೇಳಿಸುತ್ತಿದೆ ಎಂದರು. ಹೊರಗೆ ಯಾರೋ ಗೇಟು ತೆಗೆದರು ಎಂದರು. ಮುಗಿದ ಮೇಲೆ "ಚೆನ್ನಾಗಿದೆ" ಎಂದರು. ನೆಂಟರ ಮನೆಯ ಕಾಫಿ ಕುಡಿದು ಹೇಳುವ ಚೆನ್ನಾಗಿದೆ ಅದು. ನನಗೆ ಗೊತ್ತಾಗುವುದಿಲ್ಲವೇ? ಕೇಳುವ ಕಿವಿ ತಂದುಕೊಡಬಹುದು, ಆ ತೆರೆದ ಬಾಯಿಯನ್ನು ಯಾವ ಅಂಗಡಿಯಿಂದ ತರಲಿ?

ಶನಿವಾರ ಬಂದರೆ ಈಗಲೂ ಭದ್ರಾವತಿಯೇ. ಅಲ್ಲಿ ಮಿಷನ್ ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ. ಅದನ್ನು ಹಾಕಿಕೊಂಡರೆ ನಾಗಸ್ವರದ ದನಿ ಒಡೆಯುತ್ತದಂತೆ. ಕೆಲಸ ಕಡಿಮೆಯಿದ್ದರೆ ನಾನೂ ಹೋಗುತ್ತೇನೆ. ಇವರಿಗೆ ತಿಳಿಯದ ಹಾಗೆ ಮಧ್ಯಾಹ್ನ ಅಂಗಡಿಯಲ್ಲಿ ಫೋನಿನಿಂದ ನಾಗಸ್ವರ ಹುಡುಕಿ ಕೇಳುತ್ತಿದ್ದೇನೆ. ಮೇಸ್ತ್ರಿಯ ಹತ್ತಿರ ಇರದ, ಅವರು ಕೇಳಿಯೇ ಇರದ ಒಂದು ತೋಡಿ ರಾಗದ ನಾಗಸ್ವರವನ್ನು ಈಗಾಗಲೇ ಪತ್ತೆ ಮಾಡಿದ್ದೇನೆ. ಹುಕ್ಸ್ ಹಚ್ಚಿಸಿಕೊಳ್ಳಲು ಬಂದ ಹುಡುಗಿಯೊಬ್ಬಳು, "ಆಂಟಿ, ಯಾರ ಮನೇಲಿ ಮದುವೆ?" ಎಂದು ಕೇಳಿದಳು. ಆ ತೋಡಿಯ ಸುದ್ದಿಯನ್ನು ಇವರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಮೊದಲು ಮೇಸ್ತ್ರಿಗೆ ಕೊಂಡುಹೋಗಿ ಕೊಡುತ್ತಾರೆ.

ಭದ್ರಾವತಿಯ ಮನೆಯಲ್ಲಿ ನನ್ನ ಕುರ್ಚಿ ಹಿಂದೆಯೇ. ಮುಂದೆ ಎರಡು ತಲೆ, ಒಂದು ಬಿಳಿ, ಒಂದು ಬಿಳಿಯಾಗುತ್ತಿರುವುದು, ಒಟ್ಟಿಗೆ ಓಲಾಡುತ್ತವೆ. ಒಳ್ಳೆಯ ಜಾಗವೊಂದು ಬರುವ ಮುಂಚೆ ಮೇಸ್ತ್ರಿ ಬೆರಳೆತ್ತಿ ಇವರಿಗೆ ಸನ್ನೆ ಮಾಡುತ್ತಾರೆ, ಇವರು ತಲೆಯಾಡಿಸುತ್ತಾರೆ. ನಾನು ಇವರು ಹಿಂತಿರುಗಿ ನೋಡಲಿ ಎಂದು ಕಾಯುತ್ತೇನೆ. ಹೋದ ವಾರ ಒಂದು ಸಲ ತಿರುಗಿದರು. ನಾನು ಕುರ್ಚಿಯಿಂದ ಮುಂದಕ್ಕೆ ಬಾಗಿದೆ. "ಕಾಫಿ ಕುಡೀತೀಯಾ?" ಎಂದು ಕೇಳಿ, ನಾನು ಉತ್ತರ ಕೊಡುವ ಮೊದಲೇ ಮತ್ತೆ ಮುಂದಕ್ಕೆ ತಿರುಗಿಬಿಟ್ಟರು.