ಮಾನಿಟರ್ ಮೇಲಿನ ಟಿಕಳಿ

ಮಾನಿಟರಿನ ಕೆಳಗಿನ ಬಲಮೂಲೆಯಲ್ಲಿ, ಸಾಸಿವೆ ಕಾಳಿನಷ್ಟು ನೀಲಿ ದೀಪವಿರುವ ಜಾಗದಲ್ಲಿ, ಒಂದು ಮೆರೂನ್ ಟಿಕಳಿ ಅಂಟಿಕೊಂಡಿತ್ತು. ಹಣೆಗೆ ಹಚ್ಚುವ ಅಂಟಿನ ಬೊಟ್ಟಿಗೆ ನಮ್ಮ ಕಡೆ ಟಿಕಳಿ ಎನ್ನುತ್ತಾರೆ. ಒಂದು ಬದಿಯಲ್ಲಿ ಅಂಚು ಎದ್ದಿದ್ದರಿಂದ ಆ ಸಂದಿಯಿಂದ ಬೆಳಕು ಇಣುಕುತ್ತಿತ್ತು. ಹಣೆಯೇ ಇಲ್ಲದ ಯಂತ್ರಕ್ಕೆ ಈ ಭಾಗ್ಯ ಒದಗಿಸಿದವರು ಯಾರೆಂದು ತಿಳಿಯಲು ಪತ್ತೇದಾರರು ಬೇಕಿರಲಿಲ್ಲ. ನಮ್ಮ ಮನೆಯಲ್ಲಿ ಆ ಬಣ್ಣ ಹಚ್ಚಿಕೊಳ್ಳುವವಳು ಅವ್ವ ಒಬ್ಬಳೇ. ಯಾಕೆ ಅಂಟಿಸಿದಳು ಎನ್ನುವುದಕ್ಕೆ ಮಾತ್ರ ಸ್ವಲ್ಪ ಹಿಂದಕ್ಕೆ ಹೋಗಬೇಕು, ಬನ್ನಿ.

ಕಲಬುರಗಿಯಿಂದ ಕಮಲಾಪುರ ದೂರವೇನಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕರೆ ಒಂದು ಸಣ್ಣ ನಿದ್ದೆ, ಸಿಗದಿದ್ದರೆ ಒಂಟಿಕಾಲಿನ ತಪಸ್ಸು. ಅಲ್ಲಿಯ ಕಚೇರಿಯೊಂದರಲ್ಲಿ ನನಗೆ ಕೆಲಸ ಸಿಕ್ಕಾಗ, ದಿನಾ ಹೋಗಿ ಬಂದರಾಯಿತು ಎಂದು ಎಲ್ಲರೂ ಅಂದರು. ನಾನು ನೂಕುನುಗ್ಗಲಿನ ನೆಪ ಮುಂದಿಟ್ಟು ಅಲ್ಲಿಯೇ ಒಂದು ಕೋಣೆ ಹಿಡಿದೆ. ಸಂತೆಯ ದಿನ ಕೆಂಪು ಬಾಳೆಯ ಗೊನೆಯೊಂದಿಗೆ ಸೀಟು ಹಂಚಿಕೊಂಡು ಬಂದವಳ ವಾದಕ್ಕೆ ಬಲವಿತ್ತು. ನಿಜವಾದ ಕಾರಣವನ್ನು ನಿಮಗೆ ಮಾತ್ರ ಹೇಳುತ್ತೇನೆ: ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲು ನನಗೆ ಬೇಕಾಗಿತ್ತು. ನನ್ನ ಸ್ವಭಾವವೇ ಹಾಗೆ. ವಿಶ್ವವಿದ್ಯಾಲಯದಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿಗೆ ನನ್ನ ಹುಟ್ಟಿದ ದಿನ ಗೊತ್ತಾದದ್ದು ಪರೀಕ್ಷೆಯ ಪ್ರವೇಶಪತ್ರ ನೋಡಿ.

ಆ ಚಿಲಕದ ಹಿಂದೆ ನಾನು ನಡೆಸುವ ಗುಪ್ತ ಕಾರ್ಯವೆಂದರೆ ಗೇಮ್ ಆಡುವುದು. ಹೆಗಲ ಮೇಲೆ ಹಗ್ಗ ಹೊತ್ತ ಒಬ್ಬ ಹುಡುಗಿ, ಎದುರಿಗೆ ಹಿಮದ ಬೆಟ್ಟ. ಹತ್ತುವುದು, ಬೀಳುವುದು, ಮತ್ತೆ ಹತ್ತುವುದು, ಕಥೆ ಇಷ್ಟೇ. ಆದರೆ ಅದನ್ನು ಓಡಿಸುವ ತಾಕತ್ತಿದ್ದದ್ದು ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಲ್ಲಿದ್ದ ದಪ್ಪ ಕಂಪ್ಯೂಟರಿಗೆ. ಕಮಲಾಪುರದಲ್ಲಿ ನನ್ನ ಬಳಿ ಇದ್ದದ್ದು ಬಡಪಾಯಿ ಟ್ಯಾಬ್. ಹೀಗಾಗಿ ಅಲ್ಲಿಂದ ಇಲ್ಲಿಗೆ ಗೇಮ್ ಸ್ಟ್ರೀಮ್ ಮಾಡುವ ಏರ್ಪಾಡಿಗೆ ಕೈಹಾಕಿದೆ. ಇದೇನು ಮಹಾವಿದ್ಯೆಯಲ್ಲ. ಪಟ್ಟಣದಲ್ಲಿ ಓದುವ ಮಕ್ಕಳಿಗೆ ನಮ್ಮ ಸೀಮೆಯ ತಾಯಂದಿರು ಬಸ್ಸಿನಲ್ಲಿ ಬುತ್ತಿ ಕಳಿಸುವುದಿಲ್ಲವೇ, ಅದೇ ಕ್ರಮ: ಒಲೆ ಅಲ್ಲಿ, ಊಟ ಇಲ್ಲಿ. ಗೇಮ್ ಓಡುವುದು ಮನೆಯ ಕಂಪ್ಯೂಟರಿನಲ್ಲಿ. ಚಿತ್ರ ಇಂಟರ್‌ನೆಟ್ ಹಿಡಿದು ನನ್ನ ಟ್ಯಾಬಿಗೆ ಬರುತ್ತದೆ, ನಾನು ಒತ್ತಿದ ಗುಂಡಿಯ ಸುದ್ದಿ ಖಾಲಿ ಡಬ್ಬಿಯಂತೆ ಹಿಂದಿರುಗುತ್ತದೆ.

ಕ್ರಮ ಸುಲಭ, ಸಂಸಾರ ಕಷ್ಟ. ಪಡಸಾಲೆಯ ರೌಟರಿನಿಂದ ಕಂಪ್ಯೂಟರಿನ ತನಕ ವೈರು ಎಳೆಯಲು ಇದ್ದ ಒಂದೇ ದಾರಿ ದೇವರ ಜಗಲಿಯ ಮೇಲಿನದು. ವೈರಿನ ಮೇಲೆ ಧೂಳು ಕೂಡಿಸಬಾರದು ಎಂಬ ಷರತ್ತಿನ ಮೇಲೆ ಅವ್ವ ಒಪ್ಪಿಗೆ ಕೊಟ್ಟಳು. ಕಂಪ್ಯೂಟರಿಗೆ ತಾನಾಗಿ ನಿದ್ದೆ ಹೋಗುವ ಚಟವಿತ್ತು, ಬಿಡಿಸಿದೆ. ಮೊದಲ ಸಂಜೆ ನಾನು ಕಮಲಾಪುರದಿಂದ ಜಿಗಿ ಎಂದರೆ ಹುಡುಗಿ ಸಾವಕಾಶವಾಗಿ ವಿಚಾರ ಮಾಡಿ ಜಿಗಿದು ನೇರ ಕಂದರಕ್ಕೆ ಬಿದ್ದಳು. ಪೇಪರ್ ಓದುವಾಗ ಅಪ್ಪನನ್ನು ಕರೆದರೂ ಹೀಗೆಯೇ, ಹಿಡಿದ ಸುದ್ದಿ ಮುಗಿದ ಮೇಲೆಯೇ ಓಗೊಡುವುದು. ಚಿತ್ರದ ಗುಣಮಟ್ಟ ಇಳಿಸಿದ ಮೇಲೆ ಹುಡುಗಿ ಚುರುಕಾದಳು. ಅಪ್ಪನಿಗೆ ಅಂಥ ಸೆಟ್ಟಿಂಗ್ ಇನ್ನೂ ಸಿಕ್ಕಿಲ್ಲ.

ಅಪ್ಪನ ಇನ್ನೊಂದು ನೇಮವನ್ನೂ ಹೇಳಬೇಕು. ಮನೆಯಲ್ಲಿ ಆಗಾಗ ಒಂದು ಸುತ್ತು ಹಾಕಿ, ದೇವರ ಮುಂದಿನ ದೀಪವೊಂದನ್ನು ಬಿಟ್ಟು, ಎಲ್ಲಿ ಏನು ಮಿನುಗುತ್ತಿದ್ದರೂ ಗೋಡೆಯ ಸ್ವಿಚ್ಚಿಗೇ ಕೈಹಾಕುತ್ತಾರೆ. ಅದಕ್ಕೆಂದೇ ನಾನು ಕಂಪ್ಯೂಟರಿನ ಡಬ್ಬಿಯನ್ನು ಮೇಜಿನ ಕೆಳಗೆ, ಅದರ ದೀಪ ಗೋಡೆಗೆ ಮುಖ ಮಾಡುವಂತೆ, ತಿರುಗಿಸಿಟ್ಟಿದ್ದೆ. ಮಾನಿಟರ್ ಬೇಕಾಗಿಲ್ಲ, ಅದನ್ನು ಬಂದ್ ಮಾಡಿಬಿಡು ಎಂದು ಅವ್ವನಿಗೆ ಹೇಳಿದ್ದೆ. ಆತು ಬಿಡವಾ ಎಂದಿದ್ದಳು.

ಎಲ್ಲ ಸುಸೂತ್ರವಾಯಿತು. ಒಂದು ಸೋಜಿಗ ಮಾತ್ರ ಉಳಿಯಿತು. ಫೋನಿನಲ್ಲಿ ನಾನು ಮಿತಭಾಷಿ. ಹೂಂ, ಆರಾಮ, ಉಂಡೆ ಎಂಬ ಮೂರು ಮಾತುಗಳಲ್ಲಿ ನನ್ನ ವಾರವೆಲ್ಲ ಮುಗಿದುಹೋಗುತ್ತದೆ. ಆದರೂ ಕಚೇರಿಯಲ್ಲಿ ಬೈಸಿಕೊಂಡು ಬಂದ ಸಂಜೆ, ಮನಸ್ಸು ಎಲ್ಲೋ ಇದ್ದು ಹುಡುಗಿಯನ್ನು ಮೇಲಿಂದ ಮೇಲೆ ಬೀಳಿಸುತ್ತಿರುವಾಗ, ತಪ್ಪದೆ ಅವ್ವನ ಫೋನು ಬರುತ್ತಿತ್ತು, ಯಾಕೋ ನೆನಪಾತು ಅಂತ. ಒಮ್ಮೆ ಜ್ವರ ಬಂದು ಟ್ಯಾಬ್ ಹಿಡಿದಲ್ಲೇ ಮಂಕಾಗಿ ಕೂತಿದ್ದೆ. ಹುಡುಗಿ ಹಿಮದಲ್ಲಿ ಅಲುಗದೆ ನಿಂತಿದ್ದಳು. ಮೈಯಾಗ ಆರಾಮ ಅದನೋ ಇಲ್ಲೋ ಎಂದು ಅವ್ವನ ಫೋನು. ಸಂಖ್ಯಾಶಾಸ್ತ್ರ ಓದಿದ ನಾನು ಆಕಸ್ಮಿಕದ ಲೆಕ್ಕವನ್ನೆಲ್ಲ ಬದಿಗಿಟ್ಟು, ಕರುಳಿನ ಸಂಬಂಧವೆಂದರೆ ಇದೇ ಎಂದು ನಂಬಲು ಶುರುಮಾಡಿದೆ.

ಹೀಗಿರುವಾಗ ಒಂದು ಭಾನುವಾರ ಸಂಜೆ ಮನೆಯಲ್ಲಿ ಆ ಟಿಕಳಿ ಕಂಡಿತು. ಬಂದ್ ಇರುವ ಮಾನಿಟರಿಗೆ ದೀಪವೇ ಉರಿಯುವುದಿಲ್ಲ. ಉರಿಯದ ದೀಪವನ್ನು ಅಪ್ಪನಿಂದ ಮುಚ್ಚಿಡುವ ಅಗತ್ಯ ಯಾರಿಗೂ ಇಲ್ಲ. ಅಂದರೆ ಅವ್ವ ಮಾನಿಟರನ್ನು ಬಂದ್ ಮಾಡಿರಲೇ ಇಲ್ಲ, ಗೇಮ್ ಇಲ್ಲದಾಗ ಪರದೆ ಕಪ್ಪಾದರೂ ಉರಿಯುತ್ತಲೇ ಇರುವ ದೀಪವನ್ನು ಅಪ್ಪನ ಕಣ್ಣಿಗೆ ಮರೆಮಾಡಿದ್ದಳು. ಮೇಜಿನ ಮುಂದೆ ಅವ್ವನ ಕುರ್ಚಿ, ಪಕ್ಕದಲ್ಲಿ ಅರ್ಧ ಆರಿಸಿದ ತೊಗರಿ ಬೇಳೆಯ ಮೊರ. ಸ್ಟ್ರೀಮ್ ಮಾಡುವಾಗ ಟ್ಯಾಬಿನಲ್ಲಿ ಕಾಣುವುದೆಲ್ಲ ಮನೆಯ ಮಾನಿಟರಿನಲ್ಲೂ ಕಾಣುತ್ತದೆ ಎಂಬ ಸಣ್ಣ ಸಂಗತಿ ಆಗ ನನ್ನ ತಲೆಗೆ ಹೊಳೆಯಿತು. ಕಮಲಾಪುರದಲ್ಲಿ ಬಾಗಿಲಿಗೆ ಚಿಲಕ ಹಾಕಿ, ಖೂಬಾ ಪ್ಲಾಟಿನಲ್ಲಿ ಕಿಟಕಿ ತೆರೆದಿಟ್ಟಿದ್ದೆ.

ಮೊದಲು ಬಂದದ್ದು ಸಿಟ್ಟು, ಅದರ ಹಿಂದೆಯೇ ನಾಚಿಕೆ. ಸ್ಟ್ರೀಮ್ ನಡೆಯುವಾಗ ಮನೆಯ ಪರದೆಯನ್ನು ಕಪ್ಪಾಗಿಸುವ ಒಂದು ಸೆಟ್ಟಿಂಗ್ ಇದೆ. ಒಂದು ಟಿಕ್ ಹಾಕಿದರೆ ನನ್ನ ಸಂಜೆ ಮತ್ತೆ ನನ್ನದೇ. ಅದನ್ನು ತೆರೆದು ಕೂತಿರುವಾಗ ಅವ್ವ ಬಂದು ಮೊರ ತೊಡೆಯ ಮೇಲಿಟ್ಟುಕೊಂಡಳು. ದಿನಾ ನೋಡುತ್ತಿರುವುದನ್ನು ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರ ನೀ ಬಂದ್ ಮಾಡ್ತಿದ್ದಿ” ಎಂದಳು, ಬೇಳೆಯಿಂದ ತಲೆ ಎತ್ತದೆ.

ಅದು ನಿಜ. ಮೌಸಿನ ಬಾಣ ಆಗಲೇ ಆ ಟಿಕ್ಕಿನ ಜಾಗದ ಮೇಲೆ ನಿಂತಿತ್ತು.

“ಫೋನಿನ್ಯಾಗ ದಿನಾ ಆರಾಮ ಅಂತಿ. ಆಕಿ ಬೀಳೋದು ನೋಡಿದ್ರ ತಿಳಿತದ, ಇವತ್ತ ಎಷ್ಟು ಆರಾಮ ಅಂತ. ನಾ ಏನರೆ ಕೇಳ್ತೇನೇನು ನಿನಗ? ನೀ ಹೇಳೂದೂ ಬ್ಯಾಡ.” ಒಂದು ಕಲ್ಲು ಹೆಕ್ಕಿ ಬದಿಗೆ ಹಾಕಿದಳು. “ಖರೇ ಅಂದ್ರ, ಆಕಿಗೊಂದು ಸ್ವೆಟರ್ ಹಾಕವಾ. ಅಷ್ಟು ಹಿಮದಾಗ ಬರೇ ಅಂಗಿ ಮ್ಯಾಲ ಅಡ್ಡಾಡ್ತಾಳ.”

ನಗು ತಡೆಯಲು ನಾನು ಮಾನಿಟರಿನ ಕಡೆ ತಿರುಗಿದೆ. ಆಪ್ತರೊಂದಿಗೂ ಅಳೆದು ಮಾತಾಡುವ ನನ್ನಂಥವರು ತಮ್ಮ ಸುದ್ದಿ ಹೊರಗೆ ಹೋಗದಂತೆ ಕಾಯುತ್ತೇವೆ ಎಂದು ಬೀಗುತ್ತಾರೆ. ಬಾಗಿಲ ಹೊರಗೆ ಒಬ್ಬರು, ಕದ ತಟ್ಟದೆ, ಬೇಳೆ ಆರಿಸುತ್ತ ಕೂತಿರುತ್ತಾರೆ ಎಂಬುದು ಲೆಕ್ಕದಲ್ಲಿ ಇರುವುದೇ ಇಲ್ಲ. ಆ ಸಂಜೆ ಟಿಕ್ ಹಾಕಲಿಲ್ಲ. ಹಾಕುವುದಿಲ್ಲ ಎಂದೂ ನಿರ್ಧರಿಸಲಿಲ್ಲ. ಸೆಟ್ಟಿಂಗ್ ಮುಚ್ಚಿ ಊಟಕ್ಕೆ ಎದ್ದೆ.

ಮರುದಿನ ಬೆಳಿಗ್ಗೆ ಅವ್ವ ನನ್ನ ಬುತ್ತಿಗೆ ರೊಟ್ಟಿ ಬಡಿಯುತ್ತಿರುವಾಗ, ಗೇಮ್ ತೆರೆದು ಹುಡುಗಿಯ ಸಾಮಾನಿನ ಗಂಟಿನಲ್ಲಿ ಹುಡುಕಿ ಒಂದು ಉಣ್ಣೆಯ ಅಂಗಿ ತೊಡಿಸಿದೆ. ಆಮೇಲೆ ಅಂಟು ಒಣಗಿದ ಟಿಕಳಿಯನ್ನು ಉಗುರಿನಿಂದ ಎಬ್ಬಿಸಿದೆ. ಸುತ್ತು ಹಾಕುತ್ತ ಬಂದ ಅಪ್ಪ ಬಾಗಿಲಲ್ಲಿ ನಿಂತು ನೀಲಿ ದೀಪವನ್ನೂ ನನ್ನನ್ನೂ ನೋಡಿ, ಗೋಡೆಯ ಸ್ವಿಚ್ಚಿಗೆ ಕೈಹಾಕದೆ, ಬಚ್ಚಲುಮನೆಯ ಲೈಟು ಆರಿಸಲು ಹೋದರು. ನಾನು ಕನ್ನಡಿಯ ಪಕ್ಕದ ಅವ್ವನ ಪಾಕೀಟಿನಿಂದ ಸ್ವಲ್ಪ ದೊಡ್ಡದೇ ಆದ ಒಂದು ಹೊಸ ಟಿಕಳಿ ತೆಗೆದು, ಬೆಳಕಿನ ಒಂದು ಎಳೆಯೂ ಇಣುಕದಂತೆ, ದೀಪದ ಮೇಲೆ ಹೆಬ್ಬೆರಳಿನಿಂದ ಒತ್ತಿ ಅಂಟಿಸಿ, ಕಮಲಾಪುರದ ಬಸ್ಸಿಗೆ ನಡೆದೆ.